ತೊಟ್ಟಿಲ ಶೆಡ್ಡಿನ ಫೋರ್‌ಮನ್

ಮಗು ಅತ್ತರೆ ಲೋಕವೆಲ್ಲ ಮಗುವಿನ ಬಾಯಿ ನೋಡುತ್ತದೆ. ನಮ್ಮ ಫೋರ್‌ಮನ್ ಸಾಹೇಬರು ಮೊದಲು ತೊಟ್ಟಿಲಿನ ಬೇರಿಂಗ್ ನೋಡುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ತೊಟ್ಟಿಲು ತೂಗುಹಾಕಿದ ಕಡೆ ಕಿವಿಯಿಟ್ಟು, ಮೆಲ್ಲಗೆ ತೂಗಿ, ಜೇಬಿನಿಂದ ಗ್ರೀಸ್ ಡಬ್ಬಿ ತೆಗೆದು ಬೆರಳಲ್ಲಿ ಒಂದಿಷ್ಟು ಸವರುವರು. ಅಷ್ಟು ಹೊತ್ತಿಗೆ ಮಗು ಅಳುವುದನ್ನು ಮರೆತು ಇವರನ್ನೇ ಪಿಳಿಪಿಳಿ ನೋಡುತ್ತಿರುತ್ತಿತ್ತು. "ನೋಡಿದ್ಯೇನಮ್ಮ? ಬೇರಿಂಗ್‌ದೇ ಕಂಪ್ಲೇಂಟು" ಎಂದು ನನ್ನ ಕಡೆ ತಿರುಗಿ ಗೆದ್ದವರಂತೆ ಹೇಳುವರು. ಮಗು ಒದ್ದೆ ಮಾಡಿಕೊಂಡಿದೆ ಸಾರ್ ಎಂದು ನಾನು ತೋರಿಸಿದರೆ ಅದನ್ನೂ ಒಪ್ಪಿ ಬಟ್ಟೆ ಬದಲಾಯಿಸುವರು. ಆದರೆ ಬೇರಿಂಗಿನ ವಿಷಯದಲ್ಲಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗುತ್ತಿರಲಿಲ್ಲ.

ಇದು ಪೀಣ್ಯದ ಮಾತು. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ನಾನು ಅಲ್ಲಿನ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಇವರು ಯಾವುದೋ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ, ಒಂದು ಸಿಮೆಂಟ್ ಶೀಟಿನ ಶೆಡ್ಡಿನಲ್ಲಿ, ಕಟ್ಟಡದ ಕೂಲಿಗೂ ಗುಜರಿ ಆರಿಸುವುದಕ್ಕೂ ಹೋಗುವ ಹೆಂಗಸರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದರು. ಬಾಗಿಲ ಮೇಲೆ 'ಶಿಶುವಿಹಾರ' ಎಂದು ಬೋರ್ಡು ಬರೆಸಿದ್ದರು, ಪಾಪ. ಆ ಹೆಸರಿನಿಂದ ಅದನ್ನು ಕರೆದವರು ಯಾರೂ ಇಲ್ಲ. ಹೆಂಗಸರ ಬಾಯಲ್ಲಿ ಅದು 'ತೊಟ್ಲು ಸೆಡ್ಡು', ಇವರು 'ಪೋರ್ಮನ್ ತಾತ'.

ಅದು ಶುರುವಾದ ಬಗೆಯನ್ನು ಅವರೇ ಬೈದುಕೊಳ್ಳುತ್ತಾ ಹೇಳುತ್ತಿದ್ದರು. ನಿವೃತ್ತರಾದ ಹೊಸದರಲ್ಲಿ ಸ್ನೇಹಿತರೊಬ್ಬರ ವರ್ಕ್‌ಶಾಪಿಗೆ ಹರಟೆಗೆಂದು ಬಂದಿದ್ದರಂತೆ. ಅಂಗಳದಲ್ಲಿ ಲೇತಿನಿಂದ ಉದುರಿದ ಕಬ್ಬಿಣದ ಸುರುಳಿಗಳ ರಾಶಿ. ಅದರ ಪಕ್ಕ ಒಂದು ಹೆಣ್ಣುಮಗು ಕೂತು, ಒಂದು ಸುರುಳಿಯನ್ನು ಚಕ್ಕುಲಿ ಅಂದುಕೊಂಡು ಬಾಯಿಗಿಡುತ್ತಿತ್ತು. ಇವರು ಓಡಿಹೋಗಿ ಕಿತ್ತು, ಮಗುವನ್ನು ಕಂಕುಳಿಗೇರಿಸಿಕೊಂಡು, ಇದರ ತಾಯಿ ಯಾರು ಎಂದು ಕೂಗಾಡುತ್ತಾ ಹೊರಟರು. ತಾಯಿ ಪಕ್ಕದ ಕಟ್ಟಡದಲ್ಲಿ ಮೂರನೇ ಅಂತಸ್ತಿಗೆ ಕಾಂಕ್ರೀಟ್ ಹೊರುತ್ತಿದ್ದಳು. ಮೇಲಿಂದಲೇ, "ಒಸಿ ಇಟ್ಕಂಡಿರಿ ಸಾ, ಊಟದ್ ಒತ್ಗೆ ಬತ್ತೀನಿ" ಅಂದಳಂತೆ. ಬೈಯಲು ಹೋದವರು ಊಟದ ಸೈರನ್ ಆಗುವವರೆಗೆ ಮಗು ಹಿಡಿದುಕೊಂಡು ಬಿಸಿಲಿನಲ್ಲಿ ನಿಂತರು. ಆ ತಾಯಿ ಪಾವಗಡದ ಕಡೆಯಿಂದ ಬಂದ ಹನುಮಕ್ಕ. ಮಗು ರತ್ನಿ. ಶೆಡ್ಡಿನ ಮೊದಲನೇ ತೊಟ್ಟಿಲು ರತ್ನಿಯದೇ.

ಅವರ ಹೆಂಡತಿಯನ್ನು ನಾವೆಲ್ಲ ಅಮ್ಮ ಅನ್ನುತ್ತಿದ್ದೆವು. ಬಾಯಿ ಸ್ವಲ್ಪ ಖಾರ, ಕೈ ಧಾರಾಳ. ದಿನಾ ಒಂದು ಹೊತ್ತು ಶೆಡ್ಡಿಗೆ ಬಂದು ರಾಗಿಸರಿ ಕಾಯಿಸಿಕೊಟ್ಟು ಹೋಗುತ್ತಿದ್ದರು. ಕಾಯಿಸುವಾಗ ಗಂಡನಿಗೆ ಕೇಳುವಂತೆಯೇ ನನ್ನ ಹತ್ತಿರ ದೂರುವರು. ತಮ್ಮ ಮಕ್ಕಳು ಯಾವ ಕ್ಲಾಸಿನಲ್ಲಿ ಓದುತ್ತಿದ್ದಾರೆ ಅನ್ನುವುದೇ ಈ ಮಹಾನುಭಾವರಿಗೆ ಗೊತ್ತಿರಲಿಲ್ಲವಂತೆ, ಓವರ್‌ಟೈಮ್ ಓವರ್‌ಟೈಮ್ ಅಂತ ಜೀವ ಸವೆಸಿ ಈಗ ಊರ ಮಕ್ಕಳ ಅಂಡು ತೊಳೆಯುತ್ತಿದ್ದಾರಂತೆ. ಫೋರ್‌ಮನ್ನರು ಕೇಳಿಸದವರ ಹಾಗೆ ತೊಟ್ಟಿಲಿನ ನಟ್ಟು ಬಿಗಿ ಮಾಡುತ್ತಿರುವರು. ಅಪ್ಪನಾಗಿ ಬಿಟ್ಟ ಕೆಲಸವನ್ನು ತಾತನಾಗಿ ಮಾಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಅಮ್ಮನಿಗೂ ಅದು ಗೊತ್ತಿತ್ತು, ಅದಕ್ಕೇ ಆ ರಾಗಿಸರಿಯ ರುಚಿ ಒಂದು ದಿನವೂ ಕೆಡಲಿಲ್ಲ.

ಶೆಡ್ಡಿನ ಭಾಷೆಯೆಲ್ಲ ಕಾರ್ಖಾನೆಯದು. ತೊಟ್ಟಿಲುಗಳನ್ನು ವರ್ಕ್‌ಶಾಪಿನವರ ಕೈಲಿ ಪೈಪ್ ಬಗ್ಗಿಸಿ ಮಾಡಿಸಿದ್ದು, ಒಂದೊಂದಕ್ಕೂ ನಂಬರು. ಮಗುವಿಗೆ ಭೇದಿಯಾದರೆ 'ಲೀಕೇಜು', ಜ್ವರ ಬಂದರೆ 'ಓವರ್‌ಹೀಟು'. ಇಬ್ಬರು ಆಯಾಗಳಿದ್ದರು. ಅವರು ಬೆಳಿಗ್ಗೆ ಬರುವುದು ಸ್ವಲ್ಪ ತಡವಾದರೂ 'ಫಸ್ಟ್ ಶಿಫ್ಟಿಗೆ ಲೇಟು' ಎಂದು ಮುಖ ಗಂಟಿಕ್ಕುವರು. ಹಾಲು ಕುಡಿಯುವ ಮಕ್ಕಳ ತಾಯಂದಿರನ್ನು ಕೆಲಸದ ಮಧ್ಯೆ ಬಿಡುವುದಿಲ್ಲ ಎಂದು ಒಬ್ಬ ಮೇಸ್ತ್ರಿ ಹಟ ಮಾಡಿದಾಗ, ಇವರು ಅಳುವ ಮಗುವನ್ನು ಎತ್ತಿಕೊಂಡು ಹೋಗಿ ಅವನ ಕೈಗೇ ಕೊಟ್ಟು, ಸಮಾಧಾನ ಮಾಡಿಟ್ಟಿರಿ, ನಾನು ಒಂದು ಕಾಫಿ ಕುಡಿದು ಬರ್ತೀನಿ ಎಂದು ನಡೆದುಬಿಟ್ಟರು. ಕಾಫಿ ಮುಗಿಯುವುದರೊಳಗೆ ತಾಯಿಗೆ ಬಿಡುವು ಸಿಕ್ಕಿತ್ತು.

ನಾನು ಈ ಸಂಸಾರದೊಳಗೆ ಸೇರಿದ್ದು ಗ್ರಾಂಟಿನ ದೆಸೆಯಿಂದ. ಪಿಂಚಣಿಯಿಲ್ಲದ ಮನುಷ್ಯ, ನಿವೃತ್ತಿಯಾದಾಗ ಬಂದ ಫಂಡಿನಲ್ಲಿ ಎಷ್ಟು ದಿನ ಹಾಲು ತರಿಸಿಯಾರು? ಕಂಟೋನ್ಮೆಂಟಿನ ಕಡೆಯ ಒಂದು ಸೊಸೈಟಿಯ ಮೂಲಕ ಹೊರದೇಶದ ಒಂದು ಧರ್ಮಸಂಸ್ಥೆ ಇಂಥ ಕೆಲಸಗಳಿಗೆ ಹಣ ಕೊಡುತ್ತದೆ ಎಂದು ಯಾರೋ ಹೇಳಿದರು. ಅರ್ಜಿ ಇಂಗ್ಲಿಷಿನಲ್ಲಿ ಇರಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅವರು ನನ್ನ ಟೇಬಲ್ಲಿನ ಮುಂದೆ ಕೂತು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷ್ ಮಾಡಿ ಕುಟ್ಟುವುದು. ಈ ಜನ ಎಷ್ಟು ದಿಕ್ಕಿಲ್ಲದವರು, ಎಷ್ಟು ಹಿಂದುಳಿದವರು, ಮಕ್ಕಳು ಎಂಥ ದುಃಸ್ಥಿತಿಯಲ್ಲಿದ್ದಾರೆ ಎಂದು ವಿವರಿಸಿ ಅಂತ ಅದರಲ್ಲಿ ಕೇಳಿತ್ತು. ನಾನು ಚೆನ್ನಾಗಿಯೇ ಅಳಿಸುವಂತೆ ಬರೆದು ಕನ್ನಡದಲ್ಲಿ ಓದಿ ಹೇಳಿದೆ. ಅವರ ಮುಖ ಸಣ್ಣದಾಯಿತು. "ಹನುಮಕ್ಕನಿಗೇನಾದ್ರೂ ಇದು ಓದೋಕೆ ಬಂದಿದ್ರೆ ನನ್ ಕಪಾಳಕ್ಕೆ ಬಾರಿಸ್ತಿದ್ಲು ಕಣಮ್ಮ" ಅಂದರು. ಆದರೂ ಕಳಿಸಿದೆವು. ಒಂದು ವರ್ಷ ನೋಡೋಣ ಎಂದು ಹಣ ಬಂತು. ಹಾಲು, ಔಷಧಿ, ಆಯಾಗಳ ಸಂಬಳ ಎಲ್ಲ ಅದರಿಂದಲೇ ನಡೆಯಿತು. ವರ್ಷ ಮುಗಿಯುವ ಹೊತ್ತಿಗೆ, ಸಂಸ್ಥೆಯ ಕಡೆಯಿಂದ ಒಬ್ಬ ಹೆಂಗಸು ಕಣ್ಣಾರೆ ನೋಡಲು ಬರುತ್ತಾರೆ, ಅವರಿಗೆ ಒಪ್ಪಿಗೆಯಾದರೆ ಮುಂದಿನ ವರ್ಷಗಳಿಗೂ ಮಂಜೂರು ಎಂದು ಸೊಸೈಟಿಯಿಂದ ಕಾಗದ ಬಂತು. ಒಪ್ಪಿಗೆಯಾಗದಿದ್ದರೆ ಏನು ಅನ್ನುವುದು ಕಾಗದದಲ್ಲಿ ಇರಲಿಲ್ಲ. ಅದು ನಮಗೇ ಗೊತ್ತಿತ್ತು. ಶೆಡ್ಡಿಗೆ ಬೀಗ ಬೀಳುತ್ತದೆ, ಮಕ್ಕಳು ವಾಪಸ್ಸು ಕಾಂಕ್ರೀಟ್ ಮಿಕ್ಸರಿನ ಬುಡಕ್ಕೆ ಹೋಗುತ್ತವೆ.

ಇನ್ನು ನೋಡಿ ನಮ್ಮವರ ಸಂಭ್ರಮ. ಇನ್‌ಸ್ಪೆಕ್ಷನ್ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಫೋರ್‌ಮನ್ನರಿಗೆ ವಯಸ್ಸು ಇಪ್ಪತ್ತು ವರ್ಷ ಇಳಿಯಿತು. ಅವರ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಅಂದರೆ ಗಿಡಗಳ ಬುಡಕ್ಕೆಲ್ಲ ಸುಣ್ಣ-ಕೆಮ್ಮಣ್ಣು, ಚರಂಡಿಗೆ ಬ್ಲೀಚಿಂಗ್ ಪೌಡರ್, ಕೆಟ್ಟ ಮಿಷಿನ್ನಿಗೆ ಟಾರ್ಪಾಲಿನ ಹೊದಿಕೆ, ಹಲ್ಲು ಕಿರಿಯುವ ಸ್ಕ್ರ್ಯಾಪನ್ನೆಲ್ಲ ಹಿತ್ತಲಿಗೆ ಸಾಗಹಾಕುವುದು. ಇಲ್ಲೂ ಅದನ್ನೇ ಮಾಡಿದರು. ತೊಟ್ಟಿಲುಗಳಿಗೆಲ್ಲ ಬೆಳ್ಳಿಬಣ್ಣ ಬಳಿದರು. ನೆಲಕ್ಕೆ ರೆಡ್ ಆಕ್ಸೈಡ್ ಹಾಕಿಸಿದರು. ನೆಗಡಿಯಾದ ಇಬ್ಬರು ಮಕ್ಕಳನ್ನೂ ಕಜ್ಜಿಯಾದ ಒಂದು ಮಗುವನ್ನೂ, 'ಇವು ರಿಜೆಕ್ಷನ್ನು' ಎಂದು ಆ ದಿನದ ಮಟ್ಟಿಗೆ ತಮ್ಮ ಮನೆಗೆ ಕಳಿಸಿ ಅಮ್ಮನ ವಶಕ್ಕೆ ಕೊಟ್ಟರು.

ತಾಯಂದಿರದು ಇನ್ನೊಂದು ತೂಕ ಹೆಚ್ಚು. ತಮ್ಮ ಮಕ್ಕಳನ್ನು ನೋಡಲು ಯಾರೋ ಸಮುದ್ರ ದಾಟಿ ಬರುತ್ತಿದ್ದಾರೆ ಅಂದರೆ ಸುಮ್ಮನಿರುತ್ತಾರೆಯೇ? ಅವತ್ತಿನ ಕೂಲಿ ಬಿಟ್ಟರು. ಟ್ರಂಕಿನ ತಳದಲ್ಲಿದ್ದ ಧಾರೆ ಸೀರೆ ಉಟ್ಟರು. ಶೆಡ್ಡಿನ ಜಾಗ ಆ ಊರಿನ ಹಳೇ ಗೌಡರ ಮನೆಯವರದು. ಹೊಲವೆಲ್ಲ ಕೈಗಾರಿಕೆಗೆ ಹೋಗಿ ಉಳಿದಿದ್ದ ಒಂದು ತುಂಡು. ಆ ಮನೆಯ ಯಜಮಾನಿ ಉತ್ಸಾಹ ತಡೆಯಲಾರದೆ ತನ್ನ ಮೊಮ್ಮಕ್ಕಳ ರೇಷ್ಮೆ ಲಂಗಗಳನ್ನೂ ಗುಂಡಿನ ಸರ, ಕಾಲ್ಗೆಜ್ಜೆಗಳನ್ನೂ ತಂದು ಕೂಲಿಯವರ ಮಕ್ಕಳಿಗೆ ತಾನೇ ಹಾಕಿದಳು. ರತ್ನಿಗೆ ಜರಿಯ ಲಂಗ, ಹಣೆಗೆ ಉದ್ದ ಬೊಟ್ಟು, ಜಡೆಗೆ ಕನಕಾಂಬರ. ಹನುಮಕ್ಕ ಅಕ್ಕಪಕ್ಕದವರ ಹತ್ತಿರ ಬೇಳೆ ಬೆಲ್ಲ ಕೂಡಿಸಿ ಹೋಳಿಗೆ ತಟ್ಟಿದ್ದಳು.

ಬಂದಾಕೆ ವಯಸ್ಸಾದ ಹೆಂಗಸು, ನಿಜವಾಗಿಯೂ ಒಳ್ಳೆಯವಳು. ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡು ತಿಂದಳು. ಮಕ್ಕಳ ಕೆನ್ನೆ ಸವರಿದಳು. ನಿಮಗೆ ಏನೇನು ಕಷ್ಟಗಳಿವೆ ಎಂದು ತಾಯಂದಿರನ್ನು ಕೇಳು ಅಂತ ನನಗೆ ಹೇಳಿದಳು. ನಾನು ಕೇಳಿದೆ. ಮನೆಗೆ ಬಂದವರ ಮುಂದೆ ಯಾವ ಹೆಂಗಸು ಕಷ್ಟ ಹೇಳಿಕೊಳ್ಳುತ್ತಾಳೆ? ಹನುಮಕ್ಕ ಸೆರಗು ಸರಿಮಾಡಿಕೊಂಡು, "ನಮ್ಗೇನ್ ಕಮ್ಮಿಯಾಗೈತೆ ಅಂತ ಏಳಕ್ಕ. ದೇವ್ರು ಮಡಗ್ದಂಗೆ ಚೆಂದಾಗಿದೀವಿ" ಅಂದಳು. ನಾನು ಅದನ್ನು ತಿರುಗಿಸಿ ಮುರುಗಿಸಿ ಏನೋ ಹೇಳಿ ಸರಿಮಾಡಲು ನೋಡಿದೆ. ಆದರೆ ಅವಳ ಮುಖದ ತುಂಬ ನಗು ಇತ್ತು, ಅದನ್ನು ನಾನು ಹೇಗೆ ತಿರುಗಿಸಲಿ? ಕಾರು ಹೊರಟುಹೋದ ಮೇಲೆ ಫೋರ್‌ಮನ್ನರು ಕೈ ಉಜ್ಜಿಕೊಂಡು, ಒಂದೇ ಒಂದು ರಿಮಾರ್ಕ್ ಇಲ್ಲ ನೋಡಮ್ಮ ಎಂದು ಬೀಗಿದರು.

ವಾರ ಕಳೆದ ಮೇಲೆ ಸೊಸೈಟಿಯ ಕಾರ್ಯದರ್ಶಿ ಒಬ್ಬರೇ ಬಂದರು. ಆಕೆಗೆ ಎಲ್ಲ ತುಂಬ ಇಷ್ಟವಾಯಿತಂತೆ. ಆದರೆ ಇಷ್ಟು ಚೆನ್ನಾಗಿರುವ ಮಕ್ಕಳಿಗಿಂತ ಕಷ್ಟದಲ್ಲಿರುವವರು ಬೇರೆ ಕಡೆ ಇದ್ದಾರೆ, ಹಣ ಅಲ್ಲಿಗೆ ಹೋಗುವುದೇ ನ್ಯಾಯ ಎಂದಳಂತೆ. ನಮಗೆ ಗರ ಬಡಿದಂತಾಯಿತು. ಕಾರ್ಯದರ್ಶಿ ಕೆಟ್ಟವರೇನಲ್ಲ, ಇನ್ನೂ ಒಂದು ದಾರಿ ಇದೆ ಎಂದರು. ಮಾಮೂಲು ದಿನದ ಕೆಲವು ಫೋಟೋ ಕಳಿಸಿದರೆ ತಾವು ಆಕೆಗೆ ತಿಳಿಸಿ ಹೇಳುವುದಾಗಿ ಭರವಸೆ ಕೊಟ್ಟರು. ಮಗು ಮೈಮೇಲೆ ಬಟ್ಟೆಯಿಲ್ಲದೆ ಚರಂಡಿ ಪಕ್ಕ ಕೂತಿರಬೇಕು, ಮುಖ ಕೊಳೆಯಾಗಿರಬೇಕು, ಕಣ್ಣಲ್ಲಿ ನೀರಿದ್ದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದರು.

ಫೋರ್‌ಮನ್ನರು ಒಂದು ತೊಟ್ಟಿಲಿನ ಬೆಳ್ಳಿಬಣ್ಣವನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ ಕೇಳಿದರು, "ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ಸ್ಕ್ರ್ಯಾಪ್ ತೋರಿಸ್ಬೇಕೇನ್ರೀ?"

"ಇಲ್ಲಿ ಸ್ಕ್ರ್ಯಾಪ್‌ಗೇ ಕಣ್ರೀ ದುಡ್ಡು ಕೊಡೋದು" ಅಂದರು ಕಾರ್ಯದರ್ಶಿ.

ಅವರು ಹೋದ ಮೇಲೆ ನಾನೂ ಒತ್ತಾಯ ಮಾಡಿದೆ. ಒಂದು ಫೋಟೋ ತಾನೆ ಸಾರ್, ಸುಳ್ಳೇನಲ್ಲವಲ್ಲ, ಶೆಡ್ಡಿಗೆ ಬರುವ ಮುಂಚೆ ಆ ಮಕ್ಕಳು ಹಾಗೆಯೇ ತಾನೆ ಇದ್ದದ್ದು? ಮಾತಿಗೆ ಮಾತು ಆಯಿತು. ಕೊನೆಗೆ ಬಾಕಿ ಕೇಳುವ ಹಾಲಿನವನ ಮುಖ ನೆನಪಾಗಿ ಒಪ್ಪಿಕೊಂಡರು. ಯಶವಂತಪುರದಿಂದ ಫೋಟೋಗ್ರಾಫರನನ್ನು ನಾನೇ ಗೊತ್ತು ಮಾಡಿದೆ.

ಅವನು ಬಂದ ದಿನ ಮಳೆ ನಿಂತು ರಸ್ತೆಯ ಪಕ್ಕವೆಲ್ಲ ಕೆಸರಾಗಿತ್ತು. ಬೆಳಕು ಚೆನ್ನಾಗಿದೆ ಅಂದ. ಕೆಸರೂ ಚೆನ್ನಾಗಿದೆ ಅಂತಲೇ ಅವನ ಅರ್ಥ. ಆಡುತ್ತಿದ್ದ ರತ್ನಿಯ ಫ್ರಾಕು ಬಿಚ್ಚಿಸಿ ಚರಂಡಿಯ ಅಂಚಿಗೆ ಕೂರಿಸಿದೆವು. ಅವಳಿಗೆ ಖುಷಿಯೋ ಖುಷಿ. ಕೆಸರನ್ನು ಎರಡೂ ಕೈಯಲ್ಲಿ ಬಡಿದು ಕಿಲಕಿಲ ನಗುತ್ತಾಳೆ. ನಕ್ಕರೆ ಪ್ರಯೋಜನವಿಲ್ಲ, ತೊಡೆಗೆ ಒಂಚೂರು ಚಿವುಟಿ ಸಾರ್ ಎಂದ ಫೋಟೋಗ್ರಾಫರ್. ಫೋರ್‌ಮನ್ನರು ಬಗ್ಗಿದರು. ಕೈ ಮುಂದೆ ಹೋಯಿತು, ಅಲ್ಲೇ ನಿಂತಿತು.

ಅಷ್ಟರಲ್ಲಿ ಹನುಮಕ್ಕ ಎದುರಿನ ಕಟ್ಟಡದಿಂದ ಓಡೋಡಿ ಬಂದಳು. ಮೊಳಕೈವರೆಗೆ ಸಿಮೆಂಟು, ತಲೆಯ ಮೇಲೆ ಸಿಂಬಿ ಹಾಗೇ ಇತ್ತು. ರತ್ನಿಯ ಫೋಟೋ ತೆಗೀತಾರೆ ಎಂದು ಯಾರೋ ಹೇಳಿದ್ದರು. ಜಗಳಕ್ಕೇ ಬಂದಳು ಅಂದುಕೊಂಡೆ. ಅವಳು ಬಂದದ್ದು ಅದಕ್ಕಲ್ಲ.

"ಒಸಿ ತಡೀರಿ ಸಾ" ಎಂದು ಏದುಸಿರು ಬಿಟ್ಟಳು. "ಮಕ ತೊಳ್ದು ತಲೆ ಬಾಚ್ಬಿಡ್ತೀನಿ. ಇಂಗೇ ತೆಗುದ್ಬಿಟ್ರೆ, ನಾಳೆ ದೊಡ್ಡೋಳಾದ್ಮೇಲೆ ನೋಡ್ಕಂಡು ನಮ್ಮವ್ವ ನನ್ನ ಎಂಗ್ ಮಡಗಿದ್ಲು ಅಂತ ಅನ್ಕಳಲ್ವಾ?"

ಆ ಮಗುವಿಗೆ ಅದು ಜನ್ಮದಲ್ಲಿ ಮೊದಲನೇ ಫೋಟೋ. ಅದು ಯಾರಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಹನುಮಕ್ಕ ಕೇಳಲೂ ಇಲ್ಲ. ತನಗಾಗಿಯೇ ತೆಗೆಸುತ್ತಿದ್ದಾರೆ ಎಂದು ನಂಬಿದ್ದಳು. ಫೋರ್‌ಮನ್ನರು ರತ್ನಿಯನ್ನು ಕೆಸರಿನಿಂದ ಎತ್ತಿಕೊಂಡರು. ಅವರ ಬಿಳಿ ಶರ್ಟೆಲ್ಲ ಕೆಸರಾಯಿತು. ಬಿಸಿನೀರು ಕಾಯಿಸು ಎಂದು ಆಯಾಗೆ ಕೂಗಿದರು. ಹಾಗಾದ್ರೆ ಅಳೋ ಫೋಟೋ ಬೇಡವಾ ಸಾರ್ ಎಂದು ಫೋಟೋಗ್ರಾಫರ್ ರಾಗ ಎಳೆದ. "ಅಳೋದೇ ಬೇಕಾದ್ರೆ ನಂದು ತೆಗಿಯಯ್ಯ" ಅಂದರು. ಮಾತು ತಮಾಷೆಯದು, ಆದರೆ ಕಣ್ಣು ಕೆಂಪಾಗಿತ್ತು.

ಸ್ನಾನವಾಯಿತು, ಪೌಡರಾಯಿತು, ಎರಡು ಜಡೆಯಾಯಿತು. ಬೆಳ್ಳಿಬಣ್ಣದ ತೊಟ್ಟಿಲಿನ ಮುಂದೆ ಹನುಮಕ್ಕ ಮಗಳನ್ನು ನಿಲ್ಲಿಸಿದಳು. ಫೋಟೋಗ್ರಾಫರ್ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ್ದೇ ತಡ, ಅದುವರೆಗೆ ನಗುತ್ತಿದ್ದ ಪಾಪಿ ಮುಂಡೇದು ಹೆದರಿ ಕಿಟಾರನೆ ಕಿರುಚಿತು. ಅಂತೂ ಅಳುವ ಫೋಟೋ ಬಂತು. ಮತ್ತೆ ತೊಡಿಸಿದ ಫ್ರಾಕು, ಎರಡು ಜಡೆ, ಎಣ್ಣೆ ಹಚ್ಚಿ ಹೊಳೆಯುವ ತಲೆ, ಮುಗಿಲು ಹರಿಯುವಂತೆ ತೆರೆದ ಬಾಯಿ. ಗ್ರಾಂಟಿಗೆ ಯಾವ ಉಪಯೋಗಕ್ಕೂ ಬಾರದ ಆ ಫೋಟೋವನ್ನು ಫೋರ್‌ಮನ್ನರು ಹನುಮಕ್ಕನಿಗೆ ಕೊಟ್ಟರು.

ಸಂಸ್ಥೆಯ ಕಾಗದ ಬಂದಾಗ ಫೋರ್‌ಮನ್ನರು ಅದನ್ನು ನನ್ನ ಟೇಬಲ್ಲಿಗೇ ತಂದರು. ಹಣ ಇಲ್ಲ ಎಂದು ಮೊದಲನೇ ಸಾಲಿನಲ್ಲೇ ಇತ್ತು. ಅದನ್ನು ಹೇಳಿದೆ. ಮಿಕ್ಕದ್ದೇನಿದೆ ಓದು ಅಂದರು. ಮಕ್ಕಳು ಆರೋಗ್ಯವಾಗಿದ್ದಾರೆ, ಸಂತೋಷವಾಗಿದ್ದಾರೆ, ತಾಯಂದಿರು ಅಕ್ಕರೆಯವರು, ಇಷ್ಟು ಚೆನ್ನಾಗಿ ನೋಡಿಕೊಂಡ ಮಕ್ಕಳನ್ನು ತಾನು ಕಂಡಿದ್ದು ಕಡಿಮೆ ಎಂದು ಆಕೆ ಬರೆದಿದ್ದಳು. ಅದನ್ನು ಇನ್ನೊಂದು ಸಲ ಓದಿಸಿದರು. ಎದ್ದು ಶೆಡ್ಡಿಗೆ ಹೊರಟರು, ನಾನೂ ಹಿಂದೆ ಹೋದೆ. ಮಗುವನ್ನು ಕರೆದುಕೊಳ್ಳಲು ಬಂದ ಹನುಮಕ್ಕ ಆತಂಕದಿಂದ ಅವರ ಮುಖ ನೋಡಿದಳು. ದೊರೆಸಾನಿ ಏನು ಬರೆದಿದ್ದಾಳೆ ಎಂದು ಕೇಳಿದಳು.

"ಮಕ್ಕಳೆಲ್ಲ ಬಹಳ ಚೆನ್ನಾಗಿದ್ದಾರೆ ಅಂತ ಬರ್ದಿದ್ದಾಳಮ್ಮ" ಅಂದರು ಫೋರ್‌ಮನ್ನರು. "ತಾಯಂದಿರು ಚೆನ್ನಾಗಿ ನೋಡ್ಕೊಂಡಿದ್ದಾರೆ ಅಂತ."

ಹನುಮಕ್ಕನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಓಡಿಹೋಗಿ ಉಳಿದವರಿಗೆಲ್ಲ ಹೇಳಿದಳು. ಹಣದ ಮಾತು ಯಾರೂ ಎತ್ತಲಿಲ್ಲ, ಬಂದೇ ಬಂತು ಎಂದು ತಿಳಿದರು. ಇವರು ನನ್ನ ಕಡೆ ತಿರುಗಿ, ಬಾಯಿಬಿಟ್ಟರೆ ನೋಡು ಎಂಬಂತೆ ಬೆರಳು ಆಡಿಸಿದರು. ಹಣ ಬರಲಿಲ್ಲವೆಂದು ಆ ಹೆಂಗಸರಿಗೆ ಗೊತ್ತಾದರೆ ಹೋಳಿಗೆ ಮಾಡಿದ್ದಕ್ಕೆ ತಮ್ಮನ್ನೇ ಹಳಿದುಕೊಳ್ಳುತ್ತಾರೆ ಎಂದು ಆಮೇಲೆ ಹೇಳಿದರು.

ಆಮೇಲೆ ಶುರುವಾಯಿತು ಅವರ ನಿಜವಾದ ನೌಕರಿ. ಬೇಡುವುದು ಗೊತ್ತಿಲ್ಲದ ಮನುಷ್ಯ. ಯಾವುದಾದರೂ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಮಿಷಿನ್ನಿಗೆ ಕಿವಿಗೊಡುವರು. "ನಿಮ್ ಲೇತು ನರಳ್ತಾ ಇದೆಯಲ್ಲ" ಎಂದು ಒಳಗೆ ನುಗ್ಗಿ, ತೋಳು ಮಡಿಸಿ, ಅರ್ಧ ದಿನ ಮೈ ಮುರಿದು ರಿಪೇರಿ ಮಾಡುವರು. ಮಾಲೀಕ ಕೂಲಿ ಕೊಡಲು ಬಂದರೆ ಮುಟ್ಟುತ್ತಿರಲಿಲ್ಲ, ತಿಂಗಳಾ ಶೆಡ್ಡಿನ ಹಾಲಿಗೆ ಕಳಿಸಿಬಿಡಿ ಅನ್ನುವರು. ಕೆಲವರು ಕಳಿಸಿದರು. ಕೆಲವರು ರಿಪೇರಿ ಮಾಡಿಸಿಕೊಂಡು ಮರೆತರು. ಒಬ್ಬ ಮಹಾಶಯ, ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕ್ರೀ ಈ ಉಸಾಬರಿ ಎಂದು ಉಪದೇಶ ಮಾಡಿ ಬರಿಗೈಲಿ ಕಳಿಸಿದ. ಇವರು ಹೊರಗೆ ಬಂದು ನನ್ನ ಹತ್ತಿರ ಅವನ ಮಿಷಿನ್ನಿನ ಆಯಿಲ್ ಸೀಲು ಹೋಗಿದೆ, ಇವತ್ತಲ್ಲ ನಾಳೆ ಕರೀತಾನೆ ಎಂದು ನಕ್ಕರು. ಅವನು ಕರೆಯಲಿಲ್ಲ ಅನ್ನಿ. ನಿವೃತ್ತರಾದ ಮೇಲೆ ಜನ ಮೈ ತುಂಬಿಕೊಳ್ಳುತ್ತಾರೆ, ಇವರು ವರ್ಷ ವರ್ಷಕ್ಕೆ ಸೊರಗಿದರು. ಅಮ್ಮ ನೋಡಿ ನೋಡಿ ಸಂಕಟಪಡುತ್ತಿದ್ದರು, ಆದರೆ ಬೇಡ ಅನ್ನಲಿಲ್ಲ. ಕೊನೆಗೆ ಗೌಡರ ಮನೆಯವರು ಆ ಜಾಗದಲ್ಲಿ ಬಾಡಿಗೆಗೆ ವಠಾರ ಕಟ್ಟುವವರೆಗೆ ಶೆಡ್ಡು ನಡೆದೇ ನಡೆಯಿತು. ರತ್ನಿ ಹೋಗಿ ಅವಳ ತಮ್ಮ, ಅವನು ಹೋಗಿ ಇನ್ನೊಬ್ಬರ ಮಕ್ಕಳು, ಒಂದು ದಿನವೂ ಹಾಲು ತಪ್ಪಲಿಲ್ಲ.

ಫೋರ್‌ಮನ್ನರು ತೀರಿಕೊಂಡ ದಿನ ನಾನು ಹೋಗುವ ಹೊತ್ತಿಗೆ ಮನೆಯ ಮುಂದೆ ಜನ. ಹಳೇ ಕಾರ್ಖಾನೆಯವರು ಒಂದು ಕಡೆ, ವರ್ಕ್‌ಶಾಪಿನವರು ಒಂದು ಕಡೆ, ಕೂಲಿ ಹೆಂಗಸರು ಒಳಗೆ ಅಮ್ಮನ ಸುತ್ತ. ಫೋರ್‌ಮನ್ನರ ಕಾಲ ಹತ್ತಿರ ಕೂತಿದ್ದ ಹನುಮಕ್ಕನ ದನಿ ಅತ್ತು ಅತ್ತು ಬಿದ್ದುಹೋಗಿತ್ತು. ಹೊರಗಿನಿಂದ ಬಂದಿದ್ದ ನೆಂಟರ ಹೆಂಗಸೊಬ್ಬರು, ಅಷ್ಟು ವರ್ಷ ಅದನ್ನೆಲ್ಲ ನಡೆಸುವುದಕ್ಕೆ ಇವರಿಗೆ ಹಣ ಎಲ್ಲಿಂದ ಬರುತ್ತಿತ್ತು ಎಂದು ಮೆಲ್ಲಗೆ ಕೇಳಿದರು. ಹನುಮಕ್ಕ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ದೊರೆಸಾನಿ ಬಂದಿದ್ಲು ಕಣವ್ವ" ಅಂದಳು. "ನಮ್ ಮಕ್ಕಳ್ನ ಸಿಂಗಾರ ಮಾಡಿ ನಿಲ್ಸಿದ್ವಿ. ಕಣ್ತುಂಬ ನೋಡುದ್ಲು, ಬೇಕಾದಂಗೆ ಕೊಟ್ಲು. ಅದ್ರಾಗೇ ಅಲ್ವಾ ಸೆಡ್ಡು ನಡ್ದಿದ್ದು." ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ವೇನಕ್ಕಾ? ಕಾಗ್ದ ಎಲ್ಲಾ ನೀವೇ ತಾನೆ ಬರೀತಿದ್ದದ್ದು?"

ಅಮ್ಮ ನನ್ನನ್ನು ನೋಡಿದರು. ಲೇತುಗಳ ಕೆಳಗೆ ಮಲಗಿ ಮಲಗಿ ಬಂದ ಗಂಡನ ಬೆನ್ನಿಗೆ ಅಷ್ಟು ವರ್ಷ ಎಣ್ಣೆ ತಿಕ್ಕಿದವರು ಅವರು. ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಉತ್ತರಕ್ಕೆ ಕಾದರು.

"ಹೂಂ ಕಣಮ್ಮ ಹನುಮಕ್ಕ" ಅಂದೆ. "ನಿಮ್ ಮಕ್ಕಳ್ನ ನೋಡೇ ಕೊಟ್ಟಿದ್ದು."